ಹವಳಕ್ಕೊಂದು ಬಾಣಂತನ

"ಕಾಕಾ, ಈ ಟ್ಯೂಬ್‌ಲೈಟ್ ವಾಪಸ್ ತಗೋರಿ, ನನ್ನ ಹವಳ ಸಾಯಾಕತ್ತೈತಿ!" ಎಂದು ಕಮರಿಪೇಟೆಯ ಅಕ್ವೇರಿಯಂ ಅಂಗಡಿಯಲ್ಲಿ ಕೂಗಾಡಿಬಿಟ್ಟೆ.

ಮನೆಯ ಉಪ್ಪುನೀರಿನ ಗಾಜಿನ ತೊಟ್ಟಿಯ ಮೇಲಿದ್ದ ನಾಲ್ಕೂ ಹಳೆಯ ಟ್ಯೂಬ್ ತೆಗೆದು, ಒಂದೇ ದಿನ ಹೊಸವನ್ನು ಹಾಕಿದ್ದೆ. ಕಂದು ಬಣ್ಣದ ಜೀವಂತ ಹವಳ ವಾರದೊಳಗೇ ಸುಣ್ಣದಂತೆ ಬಿಳಿಚಿಕೊಂಡಿತ್ತು.

ಅಂಗಡಿಯ ಮುದುಕ ಕಾಕಾ ನಕ್ಕರು. "ಅಲ್ರೀ ಅಕ್ಕಾರ, ಹಳೇವು ಮಬ್ಬಾಗಿದ್ವು. ಬಾಣಂತಿ ಖೋಲ್ಯಾಗಿನ ಕೂಸನ್ನ ಒಮ್ಮೆಲೇ ಬಿಸಿಲಿಗೆ ಒಯ್ತೀರೇನು? ತೊಟ್ಟಿ ಮ್ಯಾಲ ಸೊಳ್ಳಿಪರದಿ ನಾಲ್ಕು ಮಡಿಕಿ ಹಾಸ್ರಿ. ವಾರಕ್ಕೊಂದು ಮಡಿಕಿ ತಗೀರಿ."

ಇಬ್ಬರು ಹೆಣ್ಣುಮಕ್ಕಳ ಬಾಣಂತನ ಮಾಡಿದ ನನಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನಾಚಿ, ಟ್ಯೂಬ್ ಹಿಡಿದುಕೊಂಡೇ ಮನೆಗೆ ಬಂದೆ.

ಪರದೆ ಪೂರ್ತಿ ತೆಗೆದ ದಿನ ಹವಳ ಮೊದಲಿನ ಬಣ್ಣದಲ್ಲೇ ಅರಳಿ ನಿಂತಿತ್ತು. ಬಾಣಂತನ ಸುಸೂತ್ರವಾದ ಮೇಲೆ ರೂಢಿ ಬಿಡಬಾರದಲ್ಲ, ಕಾಕಾನಿಗೆ ಬಾಣಂತಿಯರಿಗೆ ಕಟ್ಟುವ ಅಂಟಿನುಂಡಿ ಒಂದು ಡಬ್ಬಿ ಒಯ್ದು ಕೊಟ್ಟೆ.