ವ್ಯಾನಿಗೆ ತೀರ್ಥ

ಇವತ್ತು ಬೆಳಿಗ್ಗೆ ಕನಕಪುರದ ಬಸ್ ನಿಲ್ದಾಣದ ಹತ್ತಿರ ಒಂದು ಆಟೋ ನಡುರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಡ್ರೈವರ್ ಮೀಟರಿನ ಕೆಳಗೆ ಒಂದು ಗುದ್ದು ಕೊಟ್ಟ. ದೀಪ ಹತ್ತಿತು, ಆಟೋ ಏನೂ ಆಗದ ಹಾಗೆ ಹೊರಟುಹೋಯಿತು. ಸುಟ್ಟ ವೈರಿನ ವಾಸನೆ ಮಾತ್ರ ಉಳಿಯಿತು. ನೀವಾಗಿದ್ದರೆ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಿದ್ದಿರಿ. ನಾನು ಅಲ್ಲೇ ನಿಂತುಬಿಟ್ಟೆ. ಪೂರ್ತಿ ಕೆಟ್ಟ ಗಾಡಿಗೆ ನಾನು ಹೆದರುವವನಲ್ಲ. ಕೆಟ್ಟು, ಮತ್ತೆ ತಾನಾಗಿಯೇ ಸರಿಹೋಗುವ ಗಾಡಿಯಿದೆಯಲ್ಲ, ಅದನ್ನು ಕಂಡರೆ ನನಗೆ ಇಂದಿಗೂ ಭಯ.

ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿ ಗಿರಿಜೆಗೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆರಡು ದಿನ ಕೋಡಿಹಳ್ಳಿಯಿಂದ ಕನಕಪುರಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಬೆಳಗಿನ ಪಾಳಿ ತಪ್ಪಿದರೆ ಮಾರನೆಯ ದಿನದ ತನಕ ಕಾಯಬೇಕು. ಅಷ್ಟರಲ್ಲಿ ಅವಳ ಕಾಲು ಊದಿ ಉಸಿರು ಕಟ್ಟುತ್ತಿತ್ತು. ಬಸ್ಸನ್ನು ನಂಬಲಾರದೆ ಹಳೆಯ ವ್ಯಾನೊಂದನ್ನು ಕೊಂಡೆ. ಆರು ತಿಂಗಳು ಅದು ಒಳ್ಳೆಯ ಮಾತಿನಲ್ಲೇ ಓಡಿತು. ಆಮೇಲೆ ಶುರುವಾಯಿತು ನೋಡಿ: ಓಡುತ್ತಿರುವಾಗಲೇ ದೀಪ, ಹಾರ್ನು, ಇಂಜಿನ್ನು ಎಲ್ಲ ಒಟ್ಟಿಗೆ ಬಂದ್. ನಾನು ಬೆವರಿ, ಅದಕ್ಕೆ ಎರಡು ಪ್ರದಕ್ಷಿಣೆ ಹಾಕಿ ಬಂದು ಕೀ ತಿರುಗಿಸಿದರೆ ಸಾಕು, ಜುಮ್ಮನೆ ಹೊರಡುತ್ತಿತ್ತು.

ಕನಕಪುರದಲ್ಲಿ ಮಾದಪ್ಪ ಅಂತ ಗಾಡಿಗಳ ಎಲೆಕ್ಟ್ರಿಷಿಯನ್ ಇದ್ದ. ಎರಡು ವೈರಿಗೆ ಕಟ್ಟಿದ ಪುಟ್ಟ ಬಲ್ಬು ಅವನ ಮುಖ್ಯ ಆಯುಧ. ಕರೆಂಟು ಬರುವ ಕಡೆ ಅದು ಹತ್ತುತ್ತದೆ, ಬಾರದ ಕಡೆ ಇಲ್ಲ. ಅವನ ಅಂಗಡಿ ಕಂಡರೆ ಸಾಕು, ನಮ್ಮ ವ್ಯಾನು ಇನ್ಸ್‌ಪೆಕ್ಟರ್ ಬಂದ ದಿನದ ತರಗತಿಯ ಹಾಗೆ ಒಳ್ಳೆಯದಾಗಿಬಿಡುತ್ತಿತ್ತು. ಬ್ಯಾಟರಿ ಬದಲಾಯಿತು, ಕೀ ಸ್ವಿಚ್ ಬದಲಾಯಿತು, ರೋಗ ಬದಲಾಗಲಿಲ್ಲ.

“ಎಲ್ಲಾ ಕಡೆ ಬಲ್ಬ್ ಹತ್ತೋವಾಗ ನಾನೇನ್ ಹುಡುಕ್ಲಿ ಮೇಷ್ಟ್ರೇ? ಗಾಡಿ ನಿಲ್ಲೋಕ್ ಮುಂಚೆ ಏನೇನ್ ಆಯ್ತು ಅಂತ ಒಂದ್ ಪುಸ್ತಕದಾಗೆ ಬರ್ಕೊಂಡ್ ಬನ್ನಿ. ಯಾವ್ದುನ್ನೂ ಬುಡಬ್ಯಾಡಿ,” ಅಂದ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಗೆರೆ ಹೊಡೆದು ಕಾಲಂ ಮಾಡುವುದೆಂದರೆ ನನಗೆ ಹಬ್ಬ. ದಿನ, ಹೊತ್ತು, ಬಿಸಿಲು, ರಸ್ತೆಯ ಗುಂಡಿ ಎಲ್ಲವನ್ನೂ ಬರೆದೆ. ಒಂದನ್ನು ಮಾತ್ರ ಬರೆಯಲಿಲ್ಲ. ವ್ಯಾನು ಮನೆಗೆ ಬಂದ ದಿನದಿಂದ, ಪ್ರತಿ ಸೋಮವಾರ ಈಶ್ವರನ ಗುಡಿಯಿಂದ ಅಭಿಷೇಕದ ತೀರ್ಥ ತಂದು, ಮುಂದಿನ ಸೀಟೆತ್ತಿ, ವಿಭೂತಿಯ ಸಮೇತ ಅದರಡಿಯ ಇಂಜಿನ್ನಿಗೆ ಹಾಕುತ್ತಿದ್ದೆ. ಗಾಡಿ ಕೈಕೊಡಲು ಶುರುಮಾಡಿದ ಮೇಲೆ ಗುರುವಾರವನ್ನೂ ಸೇರಿಸಿದ್ದೆ. ನಿಂಬೆಹಣ್ಣು ಕಟ್ಟಿದ ಲಾರಿಗಳನ್ನು ಆಡಿಕೊಂಡು ತರಗತಿಯನ್ನು ನಗಿಸುತ್ತಿದ್ದ ಮೇಷ್ಟ್ರು ಇದನ್ನು ಹೇಗೆ ಬರೆದಾನು? ಮಾದಪ್ಪನ ಮಗಳು ಆ ತರಗತಿಯಲ್ಲೇ ಇದ್ದಳು.

ಒಂದು ದಿನ ಮಾದಪ್ಪ ಬಲ್ಬನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಜೊತೆಗೇ ಕೂತು ಬಂದ. ಗಾಡಿ ಕೆಮ್ಮಲೂ ಇಲ್ಲ. ಕೊನೆಗೆ ಸೀಟೆತ್ತಿ ನೋಡಿ ಕೇಳಿದ, “ಇಲ್ಲಿ ಒಸಿ ಬೆಳ್ಳಗೆ ಕೂತೈತಲ್ಲ, ನೀರ್‌ಗೀರ್ ಏನಾರ ಬೀಳ್ತೈತಾ?”

“ಇಲ್ಲಪ್ಪ, ಧೂಳಿರಬೇಕು,” ಅಂದೆ. ಮೇಷ್ಟ್ರ ಮಾತೆಂದು ಅವನು ನಂಬಿದ.

ಅದಾಗಿ ಮೂರು ವಾರಕ್ಕೆ, ಕೋಡಿಹಳ್ಳಿ ಬಿಟ್ಟು ಸ್ವಲ್ಪ ದೂರದಲ್ಲಿ ವ್ಯಾನು ನಿಂತಿತು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ಏಳಲಿಲ್ಲ. ಗಿರಿಜೆ ಸೀಟಿನ ಅಂಚಿಗೆ ಬಗ್ಗಿ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದಳು. “ರೀ, ಆಗ್ತಿಲ್ಲ,” ಅಂದಳು. ಮತ್ತೆ ಮತ್ತೆ ಕೀ ತಿರುಗಿಸಿದೆ. ದೇವರೇ, ನಾನೇ ಇವಳನ್ನು ಕೊಂದೆ ಅನ್ನಿಸಿತು. ಹಾಲಿನ ಗಾಡಿಯವರು ನಿಲ್ಲಿಸಿ, ಕ್ಯಾನುಗಳನ್ನು ಸರಿಸಿ, ಅವಳನ್ನು ಕೂರಿಸಿಕೊಂಡರು. ಆಸ್ಪತ್ರೆಯಲ್ಲಿ ಅವಳ ಮುಖ ನೋಡಿ ಇನ್ನೊಬ್ಬ ರೋಗಿ ತಮ್ಮ ಹಾಸಿಗೆ ಬಿಟ್ಟುಕೊಟ್ಟರು.

ಅವಳನ್ನು ಮೆಷಿನ್ನಿಗೆ ಹಾಕಿದ ಮೇಲೆ ನೇರವಾಗಿ ಮಾದಪ್ಪನ ಬಳಿ ಹೋಗಿ ತೀರ್ಥದ ಕಥೆಯೆಲ್ಲ ಹೇಳಿದೆ. ಅವನು ನಗಲಿಲ್ಲ. ಬೈಕಿನಲ್ಲಿ ನನ್ನನ್ನು ಕೂರಿಸಿಕೊಂಡು ವ್ಯಾನಿನ ಹತ್ತಿರ ಬಂದು, ಸೀಟಿನಡಿ, ಗಾಡಿಯ ಕರೆಂಟೆಲ್ಲ ಬ್ಯಾಟರಿಗೆ ಮರಳುವ ಅರ್ಥ್ ವೈರಿನ ಬೋಲ್ಟ್ ಬಿಚ್ಚಿದ. ಮೇಲೆ ಗಟ್ಟಿಯಾಗಿದ್ದರೂ ಒಳಗೆಲ್ಲ ತುಕ್ಕು, ವಿಭೂತಿ ಕಲೆತ ಗಸಿ. ಗಾಡಿ ಕುಲುಕಿದಾಗ ವೈರು ಒಮ್ಮೆ ತಾಗುತ್ತಿತ್ತು, ಒಮ್ಮೆ ಇಲ್ಲ. ಎಮರಿ ಕಾಗದದಲ್ಲಿ ಉಜ್ಜಿ ಬಿಗಿದ. ಹತ್ತು ನಿಮಿಷದ ಕೆಲಸ.

“ದೇವ್ರಿಗ್ ಹೇಳ್ಕೊಂಡ್ರಿ, ನಂಗೊಂದ್ ಮಾತ್ ಹೇಳ್ಬಾರ್ದಾಗಿತ್ತಾ ಮೇಷ್ಟ್ರೇ? ಅಮ್ಮಾವ್ರಿಗೆ ಏನಾರ ಆಗ್ಬುಟ್ಟಿದ್ರೆ?” ಅಂದ. ರಸ್ತೆಯ ಬದಿಯಲ್ಲಿ ನಿಂತು, ನಾಚಿಕೆ ಬಿಟ್ಟು, ನಾನು ಅತ್ತೆ.

ಇವತ್ತು ಆ ಆಟೋ ಕಂಡಾಗ ಗಿರಿಜೆ ನನ್ನ ಪಕ್ಕದಲ್ಲೇ ಇದ್ದಳು. ಆಸ್ಪತ್ರೆಯಲ್ಲಿ ತೂಕ ನೋಡಿದ ನರ್ಸ್ ಹುಬ್ಬೇರಿಸಿದರು. “ಜಾಸ್ತಿ ಐತಲ್ಲಮ್ಮ. ನೀರೆಷ್ಟು ಕುಡಿದ್ರಿ?”

“ಡಾಕ್ಟ್ರು ಹೇಳಿದಷ್ಟೇ,” ಅಂದಳು ಗಿರಿಜೆ.

ನಿನ್ನೆಯ ಸೆಕೆಗೆ ಅವಳು ನಾಲಿಗೆ ಒಣಗಿ ಕೇಳಿದಾಗಲೆಲ್ಲ ನೋಡಲಾರದೆ ಕೊಟ್ಟವನು ನಾನು. ಯಾರಿಗೂ ಹೇಳಬೇಡಿ ಅಂದಿದ್ದಳು. ನಾನು ನರ್ಸಿನ ಕಡೆ ತಿರುಗಿದೆ.

“ಅದರ ಮೇಲೆ ಇನ್ನೂ ಮೂರು ಲೋಟ, ಸಿಸ್ಟರ್. ನಾನೇ ಕೊಟ್ಟೆ.”

ನರ್ಸ್ ನನ್ನನ್ನು ಚೆನ್ನಾಗಿ ಬೈದು, ಹೆಚ್ಚಿನ ನೀರು ತೆಗೆಯಲು ಮೆಷಿನ್ನಿನ ಅಂಕಿ ಬದಲಾಯಿಸಿದರು. “ಇನ್ಮೇಲೆ ನಿಮ್ಮನ್ನ ನೀರೇ ಕೇಳಲ್ಲ ಬಿಡಿ,” ಎಂದು ಗಿರಿಜೆ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಸೂಜಿ ಚುಚ್ಚುವಾಗ ಮಾತ್ರ, ತಿರುಗಿ ನೋಡದೆಯೇ, ಇನ್ನೊಂದು ಕೈ ಚಾಚಿ ನನ್ನ ಬೆರಳು ಹಿಡಿದುಕೊಂಡಳು.