ನೀಲಾಳಿಗೆ ಹಾಕದೇ ಬಿಟ್ಟ ಸೂಜಿ

ನೀಲಾ, ನಿನಗೆ ಮೆದುಳುಜ್ವರದ ಎರಡನೆಯ ಸೂಜಿಯನ್ನು ನಾನು ಹಾಕಲೇ ಇಲ್ಲ. ಹಾಕಿದೆನೆಂದು ರಜಿಸ್ಟರಿನಲ್ಲಿ ಬರೆದೆ. ಇಷ್ಟು ವರ್ಷ ಈ ಮಾತನ್ನು ಮುಚ್ಚಿಟ್ಟೆ — ನಿಮ್ಮ ಮನೆಯಲ್ಲಿ ಉಂಡು, ನಿನ್ನ ಮದುವೆಯಲ್ಲಿ ಅಕ್ಷತೆ ಹಾಕಿ, ಮುಚ್ಚಿಟ್ಟೆ.

ಎಂಬತ್ತರ ದಶಕದ ಮಾತು. ನಾನು ಆಗ ದುಮ್ಮವಾಡದ ಕಡೆಯ ಹಳ್ಳಿಗಳಿಗೆ ನರ್ಸ್. ನೀನು ಎಂಟು ವರ್ಷದ ಬಾಯಿಬಡುಕಿ. ಗದ್ದೆಯ ಸೊಳ್ಳೆಯಿಂದ ಬರುವ ಆ ಜ್ವರಕ್ಕೆ ಐಸ್ ಡಬ್ಬಿಯಲ್ಲಿ ಲಸಿಕೆ ಬಂದಿತ್ತು. ಮೊದಲನೆಯದಕ್ಕೆ ನಿನ್ನ ತೋಳು ಎರಡು ದಿನ ಬಾತುಕೊಂಡಿತು. ಎರಡನೆಯದರ ಸರದಿ ಬಂದದ್ದು ನಾಗರಪಂಚಮಿಯ ಹಿಂದಿನ ದಿನ. ಉಳಿದ ಮಕ್ಕಳನ್ನು ಮುಗಿಸಿ ನಿನ್ನ ಹೆಸರು ಕೂಗಿದರೆ, ಮೊಣಕೈತನಕ ಹೊಸ ಬಳೆ ತೊಟ್ಟವಳು ಬಂದು ನನ್ನ ಸೆರಗು ಹಿಡಿದು ನಿಂತೆ.

“ಅಕ್ಕಾರ, ಕೈ ಬಾತ್ರ ನಾ ಜೋಕಾಲಿ ಹಗ್ಗ ಹೆಂಗ ಹಿಡೀಲ್ರಿ? ಪಂಚಮಿ ಮುಗದ ಮ್ಯಾಲೆ ಮಾಡ್ರಿ. ನಿಮಗ ಎರಡು ಉಂಡಿ ಕೊಡ್ತೀನಿ.”

ನಕ್ಕುಬಿಟ್ಟೆ. ಆ ವರ್ಷ ಹಬ್ಬಕ್ಕೆ ತವರಿಗೆ ಹೋಗಲು ನನಗೆ ರಜೆ ಸಿಕ್ಕಿರಲಿಲ್ಲ. ನೀನಾದರೂ ಜೀಕಲಿ ಅನ್ನಿಸಿತು. ತೆರೆದ ಸೀಸೆಯ ಲಸಿಕೆ ಮರುದಿನಕ್ಕೆ ಬರುವುದಿಲ್ಲ, ಚೆಲ್ಲಿದೆ. ಯಾಕೆ ಬಿಟ್ಟೆ ಎಂದು ಮೇಲಿನವರು ಕೇಳಬಾರದೆಂದು ನಿನ್ನ ಹೆಸರಿನ ಮುಂದೆ ಗುರುತು ಹಾಕಿದೆ. ಹಬ್ಬವಾದ ಮೇಲೆ ಹಾಕಿದರಾಯಿತು ಎಂದುಕೊಂಡೆ. ಹಬ್ಬವಾದ ಮೇಲೆ ಲಸಿಕೆ ಬರಲಿಲ್ಲ. ನಾನೂ ಕೇಳಲಿಲ್ಲ — ಕೇಳಿದರೆ ಬರೆದದ್ದು ಸುಳ್ಳೆಂದು ಒಪ್ಪಬೇಕಿತ್ತಲ್ಲ.

ಭತ್ತದ ಕೊಯ್ಲಿಗೆ ಮೊದಲು ನಿನಗೆ ಜ್ವರ ಬಂತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ನೀನು ಜೀವ ಉಳಿಸಿಕೊಂಡು ಬಂದೆ. ಬಲಗೈಯ ಬೆರಳುಗಳು ಮಾತ್ರ ಮತ್ತೆ ಮಡಚಲಿಲ್ಲ. ನಮ್ಮ ಡಾಕ್ಟರು ರಜಿಸ್ಟರು ತಿರುವಿ ನೋಡಿ ನಿನ್ನ ಅವ್ವನಿಗೆ ಸಮಾಧಾನ ಹೇಳಿದರು.

“ಎರಡೂ ಸೂಜಿ ಆಗ್ಯಾವ್ರಿ. ರಕ್ತದಾಗ ಟಿ ಕೋಶ ಅಂತ ಇರ್ತಾವು. ವೈರಸ್ಸಿನ ಗುರ್ತು ನೆನಪಿಟ್ಟು, ಮುಂದ ಅದು ಬಂದ್ರ ಎದ್ದು ನಿಲ್ಲೂವು ಅವ. ಸೂಜಿ ಅವಕ್ಕ ಪಾಠ ಇದ್ದಂಗ. ನಿಮ್ಮ ಮಗಳ ರಕ್ತ ಪಾಠ ಕಲೀಲಿಲ್ಲ ಕಾಣ್ತದ.”

ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು — ಅವರು ರಜಿಸ್ಟರು ಮುಚ್ಚುವಷ್ಟರಲ್ಲಿ ಹೇಳಿ ಮುಗಿಸಬಹುದಾಗಿದ್ದ ಒಂದೇ ಮಾತು... ಹೇಳಲಿಲ್ಲ.

ಎಡಗೈಯಲ್ಲಿ ಬರೆಯುವುದನ್ನು ನಾನೇ ನಿನಗೆ ಕಲಿಸಿದೆ. ಊರೆಲ್ಲ ನನ್ನನ್ನು ಹೊಗಳಿತು. ನಿನ್ನ ಅಕ್ಷರಗಳು ಬಾಲ ಎತ್ತಿದ ಕರುವಿನ ಹಾಗೆ ಗೆರೆ ಬಿಟ್ಟು ಓಡುತ್ತಿದ್ದವು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ನಿನ್ನ ಮೇಲಿನ ಪ್ರೀತಿ ಸುಳ್ಳಲ್ಲ, ನೀಲಾ. ಆ ಪ್ರೀತಿಯ ಮರೆಯಲ್ಲಿ ನಾನು ಅಡಗಿದ್ದೂ ಸುಳ್ಳಲ್ಲ. ಎರಡನೆಯದು ಹಾಕಿದ್ದರೂ ಜ್ವರ ಬರುತ್ತಿತ್ತೇನೋ — ಆ ‘ಏನೋ’ ಹಿಡಿದುಕೊಂಡು ಎಷ್ಟು ವರ್ಷ ತಳ್ಳಿದೆ!

ಹೋದ ವಾರ ಕಲಘಟಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕೆಯಲ್ಲ. ನಿನ್ನ ಮಗಳಿಗೆ ಶಾಲೆಯಲ್ಲಿ ಅದೇ ಜ್ವರದ ಲಸಿಕೆ ಹಾಕುತ್ತಾರಂತೆ; ನೀನು ಬೇಡವೆಂದಿದ್ದೀಯಂತೆ. ನಗುತ್ತಲೇ ಹೇಳಿದೆ: “ನಮ್ಮ ರಕ್ತನ ದಡ್ಡ ಐತಿ ಬಿಡ್ರಿ ಅಕ್ಕಾರ. ಸುಮ್ಮನ ಯಾಕ ಕೂಸಿಗೆ ನೋವು?” ಅಷ್ಟರಲ್ಲಿ ನಿನ್ನ ಬಸ್ಸು ಬಂತು. ನಾನು ಆಗಲೂ ಬಾಯಿ ಬಿಡಲಿಲ್ಲ.

ನಿನ್ನ ರಕ್ತ ದಡ್ಡ ಅಲ್ಲ, ತಾಯಿ. ಅರ್ಧ ಪಾಠ ಹೇಳಿ ಎದ್ದು ಹೋದವಳು ನಾನು. ಕ್ಷಮೆ ಕೇಳುವ ಮುಖ ನನಗಿಲ್ಲ. ನಿನ್ನ ಅವ್ವನ ಮುಂದೆ ನಾನೇ ಬಂದು ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ನಿಮ್ಮ ಹೊಸ್ತಿಲು ತುಳಿಯಬೇಡ ಎಂದರೆ ತುಳಿಯುವುದಿಲ್ಲ.

ನೀನು ಮಾತ್ರ ನಾಳೆಯೇ ಮಗಳನ್ನು ಕರೆದುಕೊಂಡು ಶಾಲೆಗೆ ಹೋಗು. ಅವಳು ಅತ್ತರೂ, ಏನು ನೆಪ ಹೇಳಿದರೂ ಬಿಡಬೇಡ. ನಿನ್ನ ಕಣ್ಣೆದುರೇ ಸೂಜಿ ಹಾಕಿಸು. ಹಾಕಿದ ಮೇಲೆಯೇ ನರ್ಸು ಬರೆಯಲಿ — ನಿಂತು ನೋಡು.