ಪೈಲಟ್‌ಗಳ ರೆಸ್ಟ್ ರೂಮ್ ನಮ್ಮ ಮಹಡಿಯಲ್ಲಿತ್ತು

ಏವಿಯೇಷನ್ ಮ್ಯಾಗಜೀನೊಂದರ ನುಣುಪಾದ ಪುಟದಲ್ಲಿ ನನ್ನದೇ ಮನೆಯ ಕಿಟಕಿ ಕಂಡು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅನುಮಾನವೇ ಇಲ್ಲ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಕ್ರೋಶಾದಲ್ಲಿ ನಾನೇ ಹೆಣೆದ ಬಿಳಿ ಬೆಡ್‌ಸ್ಪ್ರೆಡ್ ಕೂಡ ಅಲ್ಲಿತ್ತು. ಕೆಳಗೆ, 'ಪೈಲಟ್‌ಗಳಿಗೆ ಮನೆಯಂಥ ರೆಸ್ಟ್ ರೂಮ್ ಕೊಟ್ಟ ಕಂಪನಿ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದು ಸಂಜಯನಗರದ ನಮ್ಮ ಮಹಡಿ ರೂಮು! ಅಲ್ಲಿ ಬಾಡಿಗೆಗಿರುವ ದಿವ್ಯಾ ಆ ಕಂಪನಿಯ ಪುಟ್ಟ ಜೆಟ್ ಹಾರಿಸುತ್ತಾಳೆ. ಮ್ಯಾಗಜೀನನ್ನು ರದ್ದಿಗೆಂದು ಕೆಳಗಿಟ್ಟವಳೂ ಅವಳೇ.

"ಇದೇನಮ್ಮ, ನನ್ ಬೆಡ್‌ಸ್ಪ್ರೆಡ್ ನಿಮ್ ಆಫೀಸಿಗೆ ಯಾವಾಗ ಹೋಯ್ತು?" ಎಂದು ಕೇಳಿದೆ.

ದಿವ್ಯಾ ತಲೆ ತಗ್ಗಿಸಿದಳು. "ಅದೆಲ್ಲೂ ಹೋಗಿಲ್ಲ ಆಂಟಿ. ನೀವು ಮೈಸೂರಿಗೆ ಹೋಗಿದ್ರಲ್ಲ, ಆವಾಗ ನಮ್ ಮ್ಯಾನೇಜರ್ರೇ ಮ್ಯಾಗಜೀನ್‌ನವ್ರನ್ನ ಇಲ್ಲಿಗೆ ಕರ್ಕೊಂಡ್ ಬಂದ್ರು. ಆಫೀಸಲ್ಲಿ ರೂಮ್ ಎಲ್ಲಿದೆ? ಎರಡು ಫ್ಲೈಟ್ ಮಧ್ಯೆ ನಾವು ಏರ್‌ಪೋರ್ಟ್ ಪಾರ್ಕಿಂಗಲ್ಲಿ ಕಾರಲ್ಲೇ ಸೀಟ್ ಹಿಂದಕ್ಕೆ ಹಾಕ್ಕೊಂಡು ಮಲಗೋದು."

ಅಚ್ಚಾದ ಇಂಗ್ಲಿಷ್ ಸುಳ್ಳು ಹೇಳುವುದಿಲ್ಲವೆಂದು ನಂಬಿ ಬೆಳೆದವಳು ನಾನು. ಈಗ ತಲೆಯ ಮೇಲೆ ಪುಟ್ಟ ವಿಮಾನವೊಂದು ಹಾದುಹೋದರೂ, ಅದನ್ನು ಹಾರಿಸುತ್ತಿರುವ ಮಗು ಎಲ್ಲಿ ಮಲಗಿ ಎದ್ದು ಬಂದಿದೆಯೋ ಎಂದು ಕತ್ತೆತ್ತಿ ನೋಡುತ್ತಾ ನಿಲ್ಲುತ್ತೇನೆ.